ಮಡಿಯಲ್ಲಿದ್ದ ಕಂಪ್ಯೂಟರು

ನಾನು ಒಂದು ಕಂಪ್ಯೂಟರು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮಹಡಿ ಮೇಲಿನ ಒಂದು ರಿಪೇರಿ ಅಂಗಡಿಯಲ್ಲಿ. ಪೆಟ್ಟಿಗೆ ಒಬ್ಬರದು, ಮಿದುಳು ಇನ್ನೊಬ್ಬರದು, ಕೀಬೋರ್ಡು ಯಾರದೆಂದು ಜೋಡಿಸಿದವನಿಗೂ ಗೊತ್ತಿರಲಿಲ್ಲ. ನನ್ನ ಫ್ಯಾನು ಮೊದಲ ಸಲ ತಿರುಗಿದಾಗ, ಹಿಟ್ಟಿನ ಗಿರಣಿ ಶುರುವಾಯಿತೆಂದು ಇಬ್ಬರು ಜೋಳದ ಚೀಲ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದರು. ಸುಳ್ಳಲ್ಲ. ಒಬ್ಬರು ಸಾಲಿನಲ್ಲೂ ನಿಂತರು.

ಮೊದಲು ಒಂದು ಡ್ರೈವಿಂಗ್ ಸ್ಕೂಲಿನಲ್ಲಿದ್ದೆ. ಅಲ್ಲಿಯ ಮಾಲೀಕರು ನನ್ನಿಂದ ಇಸ್ಪೀಟು ಬಿಟ್ಟರೆ ಬೇರೇನೂ ಆಡಿಸಲಿಲ್ಲ. ಆಮೇಲೆ ಲಗ್ನಪತ್ರಿಕೆಯ ಪ್ರೆಸ್ಸಿಗೆ ಹೋಗಿ, ನಾಲ್ಕು ವರ್ಷದಲ್ಲಿ ಅರ್ಧ ಜಿಲ್ಲೆಯ ಮದುವೆ ಮಾಡಿಸಿದೆ. ಮೂರನೆಯ ಕೈ ಸವಣೂರಿನ ವಾದಿರಾಜಾಚಾರ್ಯರದು. ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಝೆರಾಕ್ಸ್ ಮತ್ತು ಇಂಟರ್ನೆಟ್ ಅಂಗಡಿ.

ಆಚಾರ್ಯರು ಒಳ್ಳೆಯವರು. ಮಡಿ ಮಾತ್ರ ಬಹಳ. ಒಂದು ದಿನ ಗಿರಾಕಿಯೊಬ್ಬ ಲಾಗೌಟ್ ಮಾಡದೆ ಎದ್ದು ಹೋದ. ಆಮೇಲೆ ಕುಳಿತವನಿಗೆ ಅವನ ಪರೀಕ್ಷೆಯ ಅಂಕಗಳೆಲ್ಲ ಕಂಡವು. ಸಂಜೆಯೊಳಗೆ ಊರಿಗೂ ಕಂಡವು. ಹಿಂದಿನವರ ಗುರುತು ಹೀಗೆ ಉಳಿಯುವುದು ಕುಕಿ ಎಂಬುದರಿಂದ ಎಂದು ಯಾರೋ ಹೇಳಿದರು.

"ಅಂದ್ರ ಎಂಜಲಾ!" ಎಂದು ಆಚಾರ್ಯರು ಕುರ್ಚಿಯಿಂದ ಎದ್ದೇಬಿಟ್ಟರು. ಸೆಟ್ಟಿಂಗ್ಸಿಗೆ ಹೋಗಿ ಕುಕಿಗಳನ್ನೆಲ್ಲ ತಡೆದರು. ಅಂದಿನಿಂದ ನಾನೂ ಮಡಿ.

ಮರುದಿನವೇ ನಾಲ್ಕು ಗಂಟೆಗೆ ನೀಲಮ್ಮ ಟೀಚರು ಬಂದರು. ಒಂಬತ್ತು ವರ್ಷದಿಂದ ಬೀದರ್ ಕಡೆ ನೌಕರಿ. ಗಂಡ, ಮಗಳು ಸವಣೂರಿನಲ್ಲಿ. ಈಗ ವರ್ಗಾವಣೆಗೆ ಅವರ ಸರದಿ ಬಂದಿತ್ತು. ಬೇಕಾದ ಶಾಲೆಯನ್ನು ಅಂದೇ ಐದರೊಳಗೆ ವೆಬ್‌ಸೈಟಿನಲ್ಲಿ ಆರಿಸಬೇಕು. ತಪ್ಪಿದರೆ ಮತ್ತೆ ಬೀದರ್. ಕೈಯಲ್ಲಿದ್ದುದು ಗುಂಡಿ ಒತ್ತುವ ಫೋನು. ದೊಡ್ಡದನ್ನು ಮಗಳು ಹಿಂದಿನ ದಿನ ನೀರಿನ ಹಂಡೆಗೆ ಬಿಟ್ಟಿದ್ದಳು.

ಪಾಸ್‌ವರ್ಡ್ ಹೊಡೆದರು. ಸರಿಯಾಗಿತ್ತು. ವೆಬ್‌ಸೈಟು "ಇವರು ನಮ್ಮವರು" ಎಂದು ನನಗೊಂದು ಚೀಟಿ ನೀಡಿತು. ಆ ಚೀಟಿಯೇ ಕುಕಿ. ಮುಟ್ಟಲು ನನಗೆ ಅಪ್ಪಣೆಯಿಲ್ಲ. ಒಳಬಾಗಿಲಲ್ಲಿ "ಚೀಟಿ ಎಲ್ಲಿ?" ಎಂದು ಕೇಳಿತು. ಎಲ್ಲಿಂದ ತರಲಿ? ಮತ್ತೆ ಹೊರಗೆ. ಪರದೆಯ ಮೇಲೆ: ಲಾಗಿನ್ ಆಗಿ.

ಲಾಗಿನ್ ಆದರು. ಲಾಗಿನ್ ಆಗಿ ಎಂದಿತು. ಹೀಗೆ ಹದಿನಾಲ್ಕು ಸಲ.

"ಪಾಸ್‌ವರ್ಡ್ ತಪ್ಪ ಅದ ನೋಡ್ರಿ," ಎಂದರು ಆಚಾರ್ಯರು.

"ತಪ್ಪಿದ್ರ ತಪ್ಪ ಅದ ಅಂತ ಹೇಳ್ತಿತ್ತಲ್ರೀ," ಎಂದರು ಟೀಚರು. ಆದರೂ ಫೋನಿಗೆ ಬಂದ ಓಟಿಪಿ ಹಾಕಿ ಬದಲಿಸಿದರು. ಹೊಸ ಪಾಸ್‌ವರ್ಡಿನಿಂದ ಹೊಸದಾಗಿ ಹೊರಗೆ ಬಿದ್ದರು. ಆಚಾರ್ಯರು ನನ್ನನ್ನು ಆರಿಸಿ ಹಚ್ಚಿದರು, ನೆಟ್ಟಿನ ವಯರು ಕಿತ್ತು ಊದಿ ಸಿಕ್ಕಿಸಿದರು, ಕೊನೆಗೆ ತಲೆಯ ಮೇಲೆ ಒಂದು ಏಟನ್ನೂ ಹಾಕಿದರು.

ಝೆರಾಕ್ಸಿಗೆ ನಿಂತಿದ್ದ ಚಮನಸಾಬರು ನಕ್ಕರು. "ಟೀಚರ್ರ, ಮಗ್ಗಿ ತಪ್ಪಿದ್ರ ನೀವು ಹುಡುಗ್ರನ್ನ ಹೊರಗ ನಿಲ್ಲಸ್ತಿದ್ರಿ. ಈಗ ಅದು ನಿಮ್ಮನ್ನ ನಿಲ್ಲಿಸೇದ."

"ಚಮನಸಾಬರ, ನಿಮ್ಮ ಝೆರಾಕ್ಸ್ ಆಗೇದ. ಮನಿಗೆ ಹೋಗ್ರಿ," ಎಂದರು ಟೀಚರು.

ಸತ್ಯ ಗೊತ್ತಿದ್ದವನು ನಾನೊಬ್ಬನೇ. ಬಾಯಿಲ್ಲ. ಪರದೆಯ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ತೋರಿಸುತ್ತಿದ್ದೆ. ಜಾಹೀರಾತೆಂದು ಆಚಾರ್ಯರು ಪ್ರತಿ ಸಲವೂ ಅದನ್ನು ಮುಚ್ಚುತ್ತಿದ್ದರು. ಮತ್ತೊಮ್ಮೆ ಮುಚ್ಚಲು ಹೋದಾಗ ಟೀಚರು ಅವರ ಕೈಯಿಂದ ಮೌಸು ಕಸಿದುಕೊಂಡರು.

"ತಡೀರಿ. ಪ್ರಶ್ನೆ ಓದದ ಉತ್ತರ ಬರಿಯೂ ಹುಡುಗ್ರನ್ನ ಭಾಳ ನೋಡೀನಿ." ಬೆರಳಿಟ್ಟು ಓದಿದರು: "ಈ ಬ್ರೌಸರಿನಲ್ಲಿ ಕುಕಿಗಳಿಗೆ ಅನುಮತಿ ಇಲ್ಲ. ಆಚಾರ್ರ, ಕುಕಿ ಬಂದ್ ಮಾಡೀರೇನ್ರಿ?"

"ಎಂಜಲವ್ವಾ ಅದು! ನನ್ನ ಅಂಗಡ್ಯಾಗ ನಡಿಯಂಗಿಲ್ಲ."

ಗಡಿಯಾರದಲ್ಲಿ ನಾಲ್ಕು ನಲವತ್ತೊಂಬತ್ತು. ಟೀಚರು ತರಗತಿಯ ದನಿಯಲ್ಲೇ ಕೇಳಿದರು: "ಉಂಡ ಮ್ಯಾಲೆ ಎಲಿ ತಗೀರಿ, ಗೋಮಯಾನೂ ಹಚ್ಚ್ರಿ. ನಾ ಬ್ಯಾಡ ಅನ್ನೂದಿಲ್ಲ. ಎಂಜಲಾಗ್ತದ ಅಂತ ಎಲಿನ ಹಾಕಲಿಲ್ಲಂದ್ರ, ಅನ್ನ ಎಲ್ಲಿ ಬಡಸ್ತೀರಿ?"

ಆಚಾರ್ಯರು ಕಣ್ಣು ಮುಚ್ಚಿ ಶಾಸ್ತ್ರವನ್ನೆಲ್ಲ ತಡಕಾಡಿದರು. ಎರಡು ನಿಮಿಷ ಹೋಯಿತು. "ಇದೊಂದ ಸೈಟಿಗೆ ಮತ್ತ," ಎಂದು ಗೊಣಗುತ್ತ ಆ ಒಂದು ವಿಳಾಸಕ್ಕೆ ಅನುಮತಿ ಕೊಟ್ಟರು.

ಚೀಟಿ ಬಂತು. ಹಿಡಿದೆ. ಒಳಬಾಗಿಲು ತೆರೆಯಿತು. ನಾಲ್ಕು ಐವತ್ತೇಳಕ್ಕೆ ಟೀಚರು ಸವಣೂರಿನ ಶಾಲೆಯನ್ನು ಆರಿಸಿ ಸೇವ್ ಒತ್ತಿದರು. ಲಾಗೌಟ್ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ಈಗ ಎಲಿ ತಗೀರಿ, ಆಚಾರ್ರ."

ಈಗ ನನಗೆ ವಯಸ್ಸಾಗಿದೆ. ಹೊಸ ವೆಬ್‌ಸೈಟುಗಳು ನನ್ನಲ್ಲಿ ತೆರೆಯುವುದೇ ಇಲ್ಲ. ಆಚಾರ್ಯರು ನೀರು ಚಿಮುಕಿಸಿ ಶುದ್ಧ ಮಾಡಿ ನನ್ನನ್ನು ಊರಿನ ಶಾಲೆಗೆ ದಾನ ಕೊಟ್ಟರು; ಆ ನೀರಿಗೆ ನನ್ನ ಸ್ಪೀಕರು ತೀರಿಕೊಂಡಿತು. ಮೂಲೆಯ ಬೆಂಚಿನ ಮೇಲಿದ್ದೇನೆ. ಮಕ್ಕಳು ನನ್ನ ಮೇಲೆ ತಮ್ಮ ಹೆಸರು ಟೈಪು ಮಾಡಲು ಕಲಿಯುತ್ತಾರೆ. ಏನಾದರೂ ತಪ್ಪಾದರೆ ಇಂದಿಗೂ ಮೊದಲು ನನ್ನ ತಲೆಗೇ ಬಡಿಯುತ್ತಾರೆ, ಸಣ್ಣ ಅಕ್ಷರ ಓದುವುದು ಆಮೇಲೆ. ಜನರ ಮೇಲೆ ನನಗಿರುವ ದೂರು ಅದೊಂದೇ.

ಸಂಜೆ ಗಂಟೆ ಹೊಡೆದ ಮೇಲೆ ನೀಲಮ್ಮ ಟೀಚರು ನನ್ನ ಸ್ವಿಚ್ಚು ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ನಡೆದೇ ಮನೆಗೆ ಹೋಗುತ್ತಾರೆ. ಎಂಟು ನಿಮಿಷದ ದಾರಿ.