ಮದುಮಗನ ಹುದ್ದೆ

ಟೋಪಿಯೊಳಗಿನ ಮತಚೀಟಿಗಳನ್ನು ಎಣಿಸಿ ಮುಗಿಸಿದ ಸಭಾಧ್ಯಕ್ಷ ಗಂಟಲು ಸರಿಮಾಡಿಕೊಂಡಾಗಲೇ ಎಲಿಫಲೆಟ್ ಥೇಯರನಿಗೆ ಗೊತ್ತಾಗಿಹೋಯಿತು. ರಾಜ್ಯದ ಶಾಸನಸಭೆಗೆ ಈ ಸಲ ಊರಿನ ಪ್ರತಿನಿಧಿ ಅವನಲ್ಲ, ಹೆಂಡದಂಗಡಿಯ ಏಸಹೆಲ್ ಪ್ರ್ಯಾಟ್.

"ಹೋಗ್ಲಿ ಬಿಡಿ, ಥೇಯರ್ ಸಾಹೇಬ್ರೂ ದಣಿದಿದಾರೆ" ಎಂದು ಹಿಂದಿನಿಂದ ಯಾರೋ ಅಂದರು.

ಸುಳ್ಳೇನಲ್ಲ. ಪ್ರತಿ ಜೂನ್‌ನಲ್ಲಿ ಶಾಸನಸಭೆ ಕೂಡುವ ಕಾಂಕರ್ಡ್‌ಗೆ ಕುದುರೆಯ ಮೇಲೆ ಹೋಗಿ ಬಂದು ಸೊಂಟ ಬಿದ್ದುಹೋಗಿತ್ತು. ಸೇತುವೆ ತಂದರೆ ರಸ್ತೆ ಎಲ್ಲಿ ಅಂದರು, ರಸ್ತೆ ತಂದರೆ ತೆರಿಗೆ ಯಾಕೆ ಅಂದರು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು! ಆದರೂ ಅವನ ಹೊಟ್ಟೆ ಉರಿಯಿತು. ಈ ಚಳಿಗಾಲದಲ್ಲಷ್ಟೇ ಎರಡನೆಯ ಮದುವೆಯಾಗಿದ್ದ. ವಿಧವೆ ಮೆಹಿಟಬಲ್ ಕೈಹಿಡಿದದ್ದು ಶಾಸಕನನ್ನು. ಈಗ ಯಾವ ಮುಖ ಹೊತ್ತು ಮನೆಗೆ ಹೋಗುವುದು?

"ಇನ್ನು ಹಂದಿ ಹಿಡಿಯೋರು" ಎಂದ ಅಧ್ಯಕ್ಷ. ಬೀದಿಗೆ ಬಿದ್ದ ಹಂದಿಗಳನ್ನು ಹಿಡಿದು ದೊಡ್ಡಿಗೆ ಕೂಡುವ ಈ ಹುದ್ದೆಯನ್ನು ಆ ವರ್ಷ ಮದುವೆಯಾದ ಹುಡುಗರ ತಲೆಗೆ ಕಟ್ಟಿ ನಗುವುದು ಊರಿನ ಚಾಳಿ.

"ಹೊಸ ಮದುಮಗ ಇಲ್ಲೇ ಕೂತಿದಾರಲ್ರೋ!" ಪ್ರ್ಯಾಟ್ ಕೂಗಿದ. "ನಮ್ಮ ಥೇಯರ್ ಸಾಹೇಬ್ರು!"

ಸಭೆ ಬಿದ್ದು ಬಿದ್ದು ನಕ್ಕಿತು. ಕೈಗಳು ಎದ್ದವು.

"ತಮಾಷೆಗೆ ಅಂದಿದ್ದು ಸಾಹೇಬ್ರೇ, ಬೇಡ ಅಂದ್ಬಿಡಿ" ಎಂದು ಅಧ್ಯಕ್ಷ ತಡವರಿಸಿದ.

ಕೋಪ ಮಾಡಿಕೊಳ್ಳುವುದಕ್ಕೂ ಎಲಿಫಲೆಟ್‌ನಲ್ಲಿ ತ್ರಾಣ ಉಳಿದಿರಲಿಲ್ಲ. ಎದ್ದು ನಿಂತು ಬಲಗೈ ಎತ್ತಿದ. "ಪ್ರಮಾಣವಚನ ಹೇಳ್ಕೊಡಿ."

ಮಾರ್ಚ್ ತಿಂಗಳ ಕೆಸರು ತುಳಿದು ಮನೆ ಸೇರಿದಾಗ ಮೆಹಿಟಬಲ್ ಬಾಗಿಲಲ್ಲೇ ಇದ್ದಳು. "ಏನಾಯ್ತು ರೀ?"

"ಪ್ರ್ಯಾಟ್ ಗೆದ್ದ. ನನ್ನನ್ನ ಹಂದಿ ಹಿಡಿಯೋಕೆ ಹಾಕಿದಾರೆ." ಅವನ ಕಣ್ಣು ತುಂಬಿತು. ಅವಮಾನಕ್ಕೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅಯ್ಯೋ ದೇವ್ರೇ, ಈ ವಯಸ್ಸಲ್ಲೂ ನಮ್ಮನ್ನ ಹೊಸ ಜೋಡಿ ಅಂದ್ರಾ!" ಅವಳು ಏಪ್ರನ್ನಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಮ್ಮ ಮೊದಲನೇ ಯಜಮಾನ್ರಿಗೂ ಮದುವೆ ವರ್ಷ ಇದೇ ಕೆಲಸ. ಅವರಿಗೆ ಹಂದಿ ಕಂಡ್ರೆ ಭಯ. ಹಿಡೀತಿದ್ದೋಳು ನಾನೇ."

ಅವನು ನಗಲಿಲ್ಲ. ಅವಳು ನಗು ನಿಲ್ಲಿಸಿ ಕೇಳಿದಳು:

"ಹಾಗಾದ್ರೆ ಜೂನ್‌ನಲ್ಲಿ ಕಾಂಕರ್ಡ್‌ಗೆ ಹೋಗಲ್ಲ?"

"ಇಲ್ಲ."

"ಮನೇಲೇ ಇರ್ತೀರಾ?"

"ಇನ್ನೆಲ್ಲಿಗೆ ಹೋಗ್ಲಿ?"

ಮೆಹಿಟಬಲ್ ಹತ್ತಿರ ಬಂದು, ಶಾಸನಸಭೆಗೆಂದೇ ಹೊಲಿಸಿದ್ದ ಅವನ ಕರಿ ಕೋಟಿನ ಗುಂಡಿಗಳನ್ನು ತಾನೇ ಬಿಚ್ಚತೊಡಗಿದಳು. ಅವನು ಮಗುವಿನ ಹಾಗೆ ತೋಳು ಸಡಿಲ ಬಿಟ್ಟು ನಿಂತ.