ಗೋಡೆಗೆ ಮುಖ ಮಾಡುತ್ತಿದ್ದ ಬೀಗಪ್ಪ

ಪಕ್ಕದವರು ಪಾಸ್‌ವರ್ಡ್ ಒತ್ತಲು ಬೆರಳೆತ್ತಿದರೆ ಸಾಕು, ಬೀಗಪ್ಪ ಗಿರಕ್ಕನೆ ತಿರುಗಿ, ಕೈಕಟ್ಟಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಬೀಗಪ್ಪ ಎಂಬುದು ತಂಡದವರಿಟ್ಟ ಅಡ್ಡಹೆಸರು, ನಿಜನಾಮಧೇಯ ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಆಸ್ಪತ್ರೆಗೆ ರೋಗಿಗಳ ದಾಖಲೆಯ ತಂತ್ರಾಂಶ ಬರೆದುಕೊಡುವ ಹನ್ನೆರಡು ಮಂದಿಯ ತಂಡದಲ್ಲಿ ಅವರು ಆ ದಾಖಲೆಗಳನ್ನು ತೆರೆಯುವ ಗುಪ್ತಕೀಲಿಗಳ, ಅಂದರೆ ಪಾಸ್‌ವರ್ಡುಗಳ, ಕಾವಲುಗಾರ. ಮೊಣಕೈ ಸವೆದ ಬೂದು ಕೋಟು, ಎಡಗಾಲನ್ನು ಕೊಂಚ ಎಳೆದುಹಾಕುವ ನಡಿಗೆ, ಮಾತಿಗೊಂದು 'ಗೊತ್ತಾಯ್ತಾ?'. ಕೀಲಿಯನ್ನು ತಂತ್ರಾಂಶದ ಕೋಡಿನೊಳಗೇ ಬರೆದಿಟ್ಟು ಸಿಕ್ಕಿಬಿದ್ದವರು ಎಲ್ಲರೆದುರು ಎದ್ದುನಿಂತು ಕಡತ, ಸಾಲು, ತಾರೀಖು, ಕೊನೆಗೆ ತಮ್ಮ ಹೆಸರು ಗಟ್ಟಿಯಾಗಿ ಓದಬೇಕು. ಇದು ಅವರ ಕಟ್ಟಳೆ.

"ಅಳಿಸಿಬಿಟ್ಟೆ ಸಾರ್" ಎಂದು ತಂಡದ ಪರೀಕ್ಷಕಿ ಒಮ್ಮೆ ಗೋಗರೆದಿದ್ದಳು.

"ಅಳಿಸಿದ್ರೆ ಹೋಗುತ್ತೇನಮ್ಮ? ಹಳೇ ಪ್ರತಿಯಲ್ಲಿ ಹಲ್ಲು ಕಿರೀತಾ ಕೂತಿರುತ್ತೆ. ಬೀಗಾನೇ ಬದಲಾಯಿಸ್ಬೇಕು, ಗೊತ್ತಾಯ್ತಾ? ನಿಂತು ಓದು."

ಓದಿದ್ದಳು. ಮನೆಗೆ ಹೋಗಿ ಆ ಸಿಟ್ಟನ್ನೆಲ್ಲ ಗಂಡನ ಮೇಲೆ ಕಾರಿದ್ದಳು.

ಮುಂದೊಂದು ಮಂಗಳವಾರ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದಾಗಿದ್ದ ತಂತ್ರಾಂಶದ ಹಳೆಯ ಪ್ರತಿಗಳನ್ನು ಜಾಲಾಡಿದವಳೂ ಅವಳೇ. ಏಳು ವರ್ಷದ ಹಿಂದಿನದೊಂದರಲ್ಲಿ ಆಸ್ಪತ್ರೆಯ ದಾಖಲೆಗಳ ಕೀಲಿ ಬೆತ್ತಲೆ ಬಿದ್ದಿತ್ತು. ಮರುದಿನದ ಪ್ರತಿಯಲ್ಲಿ ಅದನ್ನು ಅಳಿಸಲಾಗಿತ್ತು. ಹಾಕಿ ನೋಡಿದಳು, ಬಾಗಿಲು ಇವತ್ತಿಗೂ ತೆರೆಯಿತು! ಯಾರದೋ ಗರ್ಭಪಾತ, ಯಾರದೋ ಮನೋರೋಗ, ಯಾರದೋ ಕ್ಯಾನ್ಸರು. ಬರೆದವರ ಹೆಸರು ಕಂಡು ಬೀಗಪ್ಪನವರನ್ನು ಕರೆದಳು.

"ಸಾರ್, ಸ್ವಲ್ಪ ಹೊರಗೆ ಬರ್ತೀರಾ?"

"ಯಾಕಮ್ಮ, ಯಾರೋ ಸಿಕ್ಕಿಬಿದ್ರಾ? ನನ್ನ ಅಳಿಯನೇ ಆದ್ರೂ ಸರಿ, ಇಲ್ಲೇ ನಿಂತು ಓದ್ಲಿ."

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು.

ಬೀಗಪ್ಪ ಎದ್ದರು. ಕೋಟಿನ ಗುಂಡಿ ಹಾಕಿಕೊಂಡರು. ಕಡತ, ಸಾಲು, ತಾರೀಖು ಓದಿದರು. ಆಮೇಲೆ ಸಂಬಳದ ಚೀಟಿಯ ಹೆಸರು. ಹಲವರು ಅದನ್ನು ಕೇಳಿದ್ದು ಅಂದೇ ಮೊದಲು.

"ಮರೆತಿದ್ರೇನೋ ಸಾರ್..."

"ಇಲ್ಲಮ್ಮ. ಗೊತ್ತಿತ್ತು. ಬೀಗ ಬದಲಾಯಿಸಿದ್ರೆ ಆಸ್ಪತ್ರೆಯವ್ರು ಯಾಕೆ ಅಂತ ಕೇಳ್ತಿದ್ರು."

ಗೊತ್ತಿತ್ತು! ಏಳು ವರ್ಷ! ಯಾರ್ಯಾರು ಒಳಹೊಕ್ಕು ಏನೇನು ಓದಿಕೊಂಡು ಹೋಗಿದ್ದರೋ, ಲೆಕ್ಕಕ್ಕೇ ಸಿಗದು. ಪರೀಕ್ಷಕಿ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡಳು.

"ಮೊದ್ಲು ಬೀಗ ಬದಲಾಯಿಸ್ತೀನಿ. ಆಸ್ಪತ್ರೆಗೆ ಫೋನ್ ಮಾಡಿ ನೀವೇ ಹೇಳಿ" ಎಂದು ಹೊಸ ಪಾಸ್‌ವರ್ಡಿಗೆ ಬೆರಳೆತ್ತಿದಳು.

ಬೀಗಪ್ಪ ಗಿರಕ್ಕನೆ ಗೋಡೆಗೆ ಮುಖ ಮಾಡಿದರು.

ತಮ್ಮದೊಂದು ತಪ್ಪನ್ನು ಹೊಟ್ಟೆಯೊಳಗೆ ಹೂತಿಟ್ಟು, ಅದರ ಉರಿಯಲ್ಲೇ ಊರಿನವರನ್ನೆಲ್ಲ ತಿದ್ದಲು ಹೊರಡುವವರಿದ್ದಾರೆ. ನಾನು ಕಂಡ ಧರಣಿಯ ಚಪ್ಪರಗಳಲ್ಲಿ ಗಂಟಲು ಹರಿಯುವಂತೆ ಶಿಸ್ತು ಬೋಧಿಸಿದ ನಾಯಕರಲ್ಲೂ ಅಂಥವರಿದ್ದರು. ಅವರು ಕಲಿಸಿದ್ದು ಸುಳ್ಳಲ್ಲ, ದಿಗಿಲು ಹುಟ್ಟಿಸುವುದೇ ಅದು. ಬೀಗಪ್ಪನವರನ್ನು ಕ್ಷಮಿಸುವುದು, ಬಿಡುವುದು ಆ ರೋಗಿಗಳಿಗೆ ಸೇರಿದ್ದು. ನಾವು ಮಾಡಬಹುದಾದದ್ದು ಇಷ್ಟೇ: ಅವರನ್ನು ಕೆಲಸದಿಂದ ಹೊರಗೆ ಕಳಿಸುವಾಗ ಅವರ ಕಟ್ಟಳೆಯನ್ನು ಒಳಗೇ ಉಳಿಸಿಕೊಳ್ಳುವುದು.