ಸದ್ದಡಗಿದ ಏಣಿ

ಅಂಗಡಿಗಳಿಗೆ ಬೋರ್ಡು ಬರೆಯುತ್ತ ಜೀವಮಾನವೆಲ್ಲ ಏಣಿಯ ಮೇಲೆ ಕಳೆದ ಮಾವನವರು ಒಮ್ಮೆಯೂ ಏಣಿಯಿಂದ ಬಿದ್ದವರಲ್ಲ. ಬಿದ್ದದ್ದು ಬಚ್ಚಲಲ್ಲಿ. ಆದರೂ ಇನ್ನು ಬಚ್ಚಲಿಗೆ ಹೋಗಬೇಡಿ ಎಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಏಣಿ ಹತ್ತಬೇಡಿ ಎಂದರು. ಎಂಥ ನ್ಯಾಯವೋ!

ಹಿತ್ತಿಲ ಗೋಡೆಗೆ ಒರಗಿದ್ದ ಅಲ್ಯೂಮಿನಿಯಂ ಏಣಿಯೂ ಸೊಸೆಯ ಪಕ್ಷವೇ. ಕಾಲಿಟ್ಟರೆ ಸಾಕು, ಕಿರ್ರೋ ಎಂದು ಚಾಡಿ ಹೇಳುತ್ತಿತ್ತು. ಕೂಡಲೇ ಅಡುಗೆಮನೆಯಿಂದ ದನಿ ಬರುತ್ತಿತ್ತು.

"ಮಾವ, ಇಳೀರಿ."

"ನಾನಿನ್ನೂ ಹತ್ತೇ ಇಲ್ವಲ್ಲಮ್ಮ."

"ಹತ್ತದಿದ್ರೂ ಇಳೀರಿ."

ತಾರಸಿಯ ಮೇಲಿದ್ದದ್ದಾದರೂ ಏನು? ಏಣಿ ಒರಗುವ ಅಂಚಿಗೇ ನೀರಿನ ಟ್ಯಾಂಕು, ಅದರ ನೆರಳಲ್ಲೊಂದು ಮುರುಕು ಕುರ್ಚಿ. ಅಲ್ಲಿ ಕೂತರೆ ಅವರು ಬರೆದ ಬೋರ್ಡುಗಳಲ್ಲಿ ಉಳಿದಿರುವ ಎರಡು ಕಾಣುತ್ತಿದ್ದವು: ಒಂದು ಹಲ್ಲಿನ ಡಾಕ್ಟರದ್ದು, ಒಂದು ಟೈರಿನ ಅಂಗಡಿಯದ್ದು. ಅವನ್ನು ನೋಡದೆ ಮಾವನವರಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಒಂದು ದಿನ ಸೊಸೆ ಪೇಟೆಗೆ ಹೋದದ್ದೇ ತಡ, ಏಣಿಯನ್ನು ನೆಲಕ್ಕೆ ಮಲಗಿಸಿದರು. ಸಡಿಲವಾದ ಬೋಲ್ಟುಗಳನ್ನು ಬಿಗಿದರು. ಮೆಟ್ಟಿಲು ಪಕ್ಕದ ಪಟ್ಟಿಗೆ ಉಜ್ಜುವ ಕಡೆಯೆಲ್ಲ ಮೇಣದಬತ್ತಿ ತಿಕ್ಕಿದರು. ಸವೆದ ಕಾಲುಗಳಿಗೆ ಹಳೆಯ ಸೈಕಲ್ ಟೈರಿನ ತುಂಡು ಕಟ್ಟಿದರು. ಅಲ್ಲಾಡಿಸಿದರೆ ಏಣಿ ಮೂಕ. ಆದರೆ ಮೇಲಿನಿಂದ ಎರಡನೆಯ ಮೆಟ್ಟಿಲನ್ನು ಅದುಮಿದಾಗ ಬಲಗಡೆ ಟಿಕ್ ಎಂದಿತು.

ಬಟ್ಟೆಯಿಂದ ಒರೆಸಿ ನೋಡಿದರು. ಮೆಟ್ಟಿಲನ್ನು ಹಿಡಿದ ರಿವೆಟ್ಟಿನ ಬುಡದಿಂದ ಕೂದಲೆಳೆಯಷ್ಟು ಸಣ್ಣ ಬಿರುಕು. ಬಿದಿರಾದರೆ ಮುರಿಯುವ ಮೊದಲು ನರಳುತ್ತದೆ. ಅಲ್ಯೂಮಿನಿಯಂಗೆ ಅಷ್ಟೂ ಮರ್ಯಾದೆಯಿಲ್ಲ. ಕೆಲಸದ ದಿನಗಳಲ್ಲಾಗಿದ್ದರೆ ಇಂಥ ಏಣಿಯನ್ನು ಅವರು ನಿಂತ ನಿಲುವಿನಲ್ಲೇ ಕತ್ತರಿಸಿ ಬಿಸಾಡುತ್ತಿದ್ದರು. ಈಗ ಹೇಳಿದರೆ ಏಣಿ ಗುಜರಿಗೆ ಹೋಗುತ್ತದೆ, ಅದರ ಹಿಂದೆ ತಾರಸಿಯೂ ಹೋಗುತ್ತದೆ. 'ಎಲ್ಲಿ ಕಾಲಿಡ್ಬೇಕು ಅಂತ ನನಗೆ ಗೊತ್ತಲ್ಲ' ಎಂದುಕೊಂಡು ಬಿರುಕಿಗೂ ಮೇಣ ಮೆತ್ತಿ, ಏಣಿಯನ್ನು ಗೋಡೆಗೆ ಒರಗಿಸಿ, ಏನೂ ಅರಿಯದವರ ಹಾಗೆ ಪೇಪರ್ ಹಿಡಿದು ಕೂತರು.

ಸೊಸೆ ಬಂದಳು. ಊಟವಾಯಿತು. ಅವಳು ಮಲಗಲಿ ಎಂದು ಮಾವನವರು ಕಾದರು. ಮನೆ ಹಿತವಾಗಿ ನಿಶ್ಶಬ್ದವಾಗಿತ್ತು. ಯಾಕೋ ಸ್ವಲ್ಪ ಹೆಚ್ಚೇ ನಿಶ್ಶಬ್ದ.

"ಏನಮ್ಮಾ, ಮಲಗಿದ್ಯಾ?"

ಹಿತ್ತಿಲ ಕಿಟಕಿಯಲ್ಲಿ ಇಣುಕಿದರೆ ನಲ್ಲಿ ಬಿಚ್ಚಿಟ್ಟಿದೆ, ಹನಿ ನೀರಿಲ್ಲ. ಗೋಡೆಯ ಮೇಲ್ಗಡೆ, ಮೇಲಿನಿಂದ ಎರಡನೆಯ ಮೆಟ್ಟಿಲ ಮೇಲೆ, ಎರಡು ಕಾಲು. ಸೊಸೆ ಟ್ಯಾಂಕಿಗೆ ಕೈಹಾಕಿ ನಿಂತಿದ್ದಳು.

ಕೂಗಿದರೆ ಬೆಚ್ಚುತ್ತಾಳೆ. ಮಾವನವರು ನೋಯುವ ಸೊಂಟವನ್ನು ಎಳೆದುಕೊಂಡೇ ಹೊರಗೆ ಹೋಗಿ, ಎರಡೂ ಕೈಯಿಂದ ಏಣಿಯನ್ನು ಗೋಡೆಗೆ ಒತ್ತಿ ಹಿಡಿದರು.

"ಎಡಗಡೆಗೇ ಕಾಲಿಟ್ಟು ಇಳಿ. ಮೆಲ್ಲಗೆ."

"ಯಾಕೆ ಮಾವ? ಎಷ್ಟು ಚೆನ್ನಾಗಿ ರಿಪೇರಿ ಮಾಡಿದೀರಿ, ಸದ್ದೇ ಇಲ್ಲ!"

"ಬಾಯಿ ಮುಚ್ಕೊಂಡು ಇಳಿಯೇ ತಾಯೀ!"

ಮಾವ ಹೀಗೆ ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ. ಇಳಿಯಲು ಕಾಲೆತ್ತಿದಾಗ ಟಿಕ್ ಎಂದಿತು. ಇಬ್ಬರಿಗೂ ಕೇಳಿಸಿತು. ಅವಳ ಪಾದ ನೆಲಕ್ಕೆ ತಾಗುವವರೆಗೆ ಮಾವನವರು ಏಣಿಯಿಂದ ಕೈ ತೆಗೆಯಲಿಲ್ಲ.

ಆಮೇಲೆ ಏಣಿಯನ್ನು ಮಲಗಿಸಿ, ಉಗುರಿನಿಂದ ಮೇಣ ಕೆರೆದು ತೋರಿಸಿದರು.

"ನನಗೆ ಗೊತ್ತಿತ್ತು ಕಣಮ್ಮ. ನಿನಗೆ ಕೇಳಿಸ್ಬಾರ್ದು ಅಂತ ಸದ್ದು ನಿಲ್ಲಿಸ್ದೆ. ನೀನು ಹತ್ತಿದ್ದು ನನಗೂ ಕೇಳಿಸ್ಲಿಲ್ಲ."

ಸೊಸೆ ಬಿರುಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಳಗೆ ಹೋಗಿ ಗರಗಸ ತಂದಳು. ಗುಜರಿಯಿಂದ ಇನ್ನಾರಾದರೂ ಕೊಂಡು ಹತ್ತಿಯಾರು ಎಂದು ಮಾವನವರು ಏಣಿಯನ್ನು ನಡುವೆ ಕೊಯ್ದರು, ಅವಳು ಹಿಡಿದುಕೊಂಡಳು.

ಹೊಸದನ್ನು ಆರಿಸಲು ಅವರನ್ನೇ ಕರೆದುಕೊಂಡು ಹೋದಳು. ಮಾವನವರು ಅಂಗಡಿಯಲ್ಲಿದ್ದ ಏಣಿಗಳನ್ನೆಲ್ಲ ಹತ್ತಿ ಕುಲುಕಿದರು.

"ಅಜ್ಜ ಬಿದ್ದಾರು ಕಣಮ್ಮ!" ಎಂದ ಅಂಗಡಿಯವ.

"ಏಣಿಯಿಂದ ಬೀಳೋರಲ್ಲ ಬಿಡಿ," ಎಂದಳು ಸೊಸೆ.

ಹೊಸ ಏಣಿಗೆ ಸದ್ದೇ ಇರಲಿಲ್ಲ. ಮಾವನವರು ಹಳೆಯ ಸೈಕಲ್ಲಿನ ಬೆಲ್ ಹುಡುಕಿ ತಂದು ಕೆಳಗಿನ ಮೆಟ್ಟಿಲಿಗೆ ತಾವೇ ಬಿಗಿದರು. ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಟ್ರಿಣ್ ಎನ್ನಿಸಿದರು. ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಏಣಿಯನ್ನು ಗಟ್ಟಿಯಾಗಿ ಹಿಡಿದಳು.

"ಮಾವ, ಹತ್ತಿ."